ಮಳವಳ್ಳಿಯಲ್ಲಿ ಇಳಿದದ್ದು

ಅರ್ಧಕ್ಕೆ ಬಿಟ್ಟ ಕೆಲಸವನ್ನು ಹೇಳಲು ಕೊರಿಯನ್ ಭಾಷೆಯಲ್ಲಿ ಒಂದು ಪ್ರತ್ಯಯವೇ ಇದೆ. ಕ್ರಿಯಾಪದಕ್ಕೆ 'ದಾಗಾ' ಎಂದು ಅಂಟಿಸಿದರೆ ಆಯಿತು: ಓದುತ್ತಿದ್ದವಳು ನಿದ್ದೆ ಹೋದೆ, ಹೋಗುತ್ತಿದ್ದವಳು ತಿರುಗಿ ಬಂದೆ. ಮೊದಲ ಕೆಲಸ ಬಿಟ್ಟವರೇ ಮುಂದಿನದನ್ನೂ ಮಾಡಿರಬೇಕು, ಇನ್ನೊಬ್ಬರ ಮೇಲೆ ಹಾಕುವಂತಿಲ್ಲ ಎಂದು ಫೋನಿನಲ್ಲಿ ಪಾಠ ಮಾಡುವ ಮೇಡಂ ಒತ್ತಿ ಹೇಳಿದ್ದರು. ಮಧುವನಹಳ್ಳಿಯ ನಮ್ಮ ಹುಳುಮನೆಯಲ್ಲಿ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಲೇ ಇದನ್ನೆಲ್ಲ ಬಾಯಿಪಾಠ ಮಾಡಿದೆ. ನನಗಾಗ ಮೂವತ್ತನಾಲ್ಕು. ಪರೀಕ್ಷೆ ಪಾಸಾದರೆ ಮೈಸೂರಿನಲ್ಲಿ ಕೊರಿಯನ್ ಹೇಳಿಕೊಡುವ ಕೆಲಸ ಕೊಡಿಸುತ್ತೇನೆ ಎಂದಿದ್ದರು ಮೇಡಂ. ನನ್ನದು ಎಂದು ಹೇಳಿಕೊಳ್ಳಲು ಅದೊಂದು ಸಿಕ್ಕರೆ ಸಾಕಿತ್ತು.

ಪರೀಕ್ಷೆ ಬೆಂಗಳೂರಿನಲ್ಲಿ, ಭಾನುವಾರ. ಮಹಾ ಬುದ್ಧಿವಂತೆಯ ಹಾಗೆ ಕ್ಯಾಲೆಂಡರಿನಲ್ಲಿ ಗೀಟು ಹಾಕಿ, ಹುಳು ಮಂಗಳವಾರ ಹಣ್ಣಾಗಿ ಗೂಡಿಗೆ ಬರುವಂತೆ ಲೆಕ್ಕ ಹಿಡಿದು ಮರಿಹುಳು ತಂದಿದ್ದೆ. ಬಿಸಿಲು ಏರಿದರೆ ಹುಳು ಬೇಗ ಹಣ್ಣಾಗುತ್ತದೆ ಎಂಬುದು ಇಲ್ಲೇ ಹುಟ್ಟಿ ಬೆಳೆದವಳ ತಲೆಗೆ ಹೊಳೆಯಲಿಲ್ಲ. ಶನಿವಾರ ಸಂಜೆಗೇ ಕೆಲವು ಹುಳು ಸೊಪ್ಪು ಬಿಟ್ಟು ತಲೆ ಎತ್ತಿದವು. ಹಣ್ಣಾದ ಹುಳುವನ್ನು ಆಗಿಂದಾಗಲೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಕೆಡುತ್ತದೆ.

"ನೀ ಓಗು ಕಣವ್ವ, ನಾ ಎಂಗೋ ನೋಡ್ಕತೀನಿ" ಅಂದಳು ಅವ್ವ. ಬಗ್ಗಿದರೆ ಮೇಲೇಳಲು ಅವಳಿಗೆ ಗೋಡೆ ಬೇಕು. ಬೆಳಗಿನ ಜಾವ ಚಿತ್ರಾನ್ನದ ಡಬ್ಬಿ ಕೈಗಿಟ್ಟಳು. ಕೊಳ್ಳೇಗಾಲಕ್ಕೆ ಹೋಗಿ ಬೆಂಗಳೂರಿನ ಮೊದಲ ಬಸ್ಸು ಹತ್ತಿದೆ.

ಪುಸ್ತಕ ಬಿಚ್ಚಿದರೆ ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಅವ್ವ ಒಬ್ಬಳೇ ಹುಳುವಿನ ತಟ್ಟೆ ತಟ್ಟೆಗೂ ಬಗ್ಗುತ್ತಿರುವುದೇ ಕಣ್ಣೆದುರು. ಮಳವಳ್ಳಿಯಲ್ಲಿ ಬಸ್ಸು ನಿಂತಾಗ ಇಳಿದುಬಿಟ್ಟೆ. ಹುಳುವಿಗಾಗಿ ಇಳಿದೆನೋ, ಪರೀಕ್ಷೆಗೆ ಹೆದರಿ ಇಳಿದೆನೋ, ಇವತ್ತಿಗೂ ಗೊತ್ತಿಲ್ಲ. ಬಸ್ಸು ಹೊರಟಿತು. ಓಡಿ ನಿಲ್ಲಿಸಬಹುದಿತ್ತು, ಓಡಲಿಲ್ಲ.

ವಾಪಸ್ ಬಸ್ಸು ಹಿಡಿದು ಮನೆ ಮುಟ್ಟಿದಾಗ ಎಂಟೂವರೆ. ನಮ್ಮ ಬೀದಿಯ ನಾಲ್ವರು ಹೆಂಗಸರು ಬೆಳಕು ಹರಿಯುವ ಮೊದಲೇ ಬಂದು, ಎಲ್ಲ ಆರಿಸಿ ಮುಗಿಸಿ, ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ತುಂಬಿದ ಚಂದ್ರಿಕೆಗಳು ಗೋಡೆಗೆ ಒರಗಿದ್ದವು. ನನಗೆಂದು ಒಂದು ಹುಳುವೂ ಉಳಿದಿರಲಿಲ್ಲ.

"ನಾವೆಲ್ಲ ಬಂದಿದ್ವಲ್ಲ, ನೀ ಯಾಕವ್ವ ಬಂದೆ?" ಎಂದಳು ಅವರಲ್ಲೊಬ್ಬಳು.

ಡಬ್ಬಿ ಬಿಚ್ಚಿ ಅವರಿಗೇ ಚಿತ್ರಾನ್ನ ಬಡಿಸಿದೆ.

ಅವರೆಲ್ಲ ಹೋದ ಮೇಲೆ ಅವ್ವ ಖಾಲಿ ಡಬ್ಬಿ ತೊಳೆಯುತ್ತಾ, ನನ್ನ ಮುಖ ನೋಡದೆ ಕೇಳಿದಳು.

"ಇನ್ನೊಂದ್ ಸಲ ಯಾವಾಗ ಪರೀಕ್ಸೆ?"

"ಮುಂದಿನ ವರ್ಷ."

ಅವ್ವ ಡಬ್ಬಿ ಬೋರಲು ಹಾಕಿದಳು.

"ಆಗ್ಲೂವೆ ಹುಳ ಇರ್ತವಲ್ಲವ್ವ."