ಜಟ್ಟೆಮ್ಮನ ರೊಟ್ಟಿಯ ಸದ್ದು

ಗರುಡಾಚಾರ್‌ಪಾಳ್ಯದ ಆ ವಠಾರದಲ್ಲಿ ಜಟ್ಟೆಮ್ಮ ಜೋಳದ ರೊಟ್ಟಿ ಬಡಿಯಲು ಕೂತಳೆಂದರೆ ತಗಡಿನ ಸೂರು ಅದುರುತ್ತಿತ್ತು, ಬೀದಿನಾಯಿಗಳು ಗುಳೆ ಹೊರಡುತ್ತಿದ್ದವು, ವಿಮಾನಪುರದಿಂದ ಮೇಲೆದ್ದ ವಿಮಾನಗಳು ನಾಚಿ ದಾರಿ ಬದಲಿಸುತ್ತಿದ್ದವು. ಹಾಗೆಂದು ವಠಾರದ ಪುರಾಣ. ಭೀಮನ ಗದೆಗೆ ಇಷ್ಟು ಸದ್ದಿತ್ತೋ ಇಲ್ಲವೋ, ಕೇಳಿದವರಿಲ್ಲ.

ಪುರಾಣ ಹುಟ್ಟಲು ಕಾರಣ ಸರಳ. ವಠಾರದವರೆಲ್ಲ ಮುದ್ದೆ ಉಣ್ಣುವವರು. ಮುದ್ದೆ ಸದ್ದಿಲ್ಲದೆ ಹುಟ್ಟಿ ಸದ್ದಿಲ್ಲದೆ ಗಂಟಲಿಗಿಳಿಯುತ್ತದೆ. ಹಾಗಾಗಿ ಜಟ್ಟೆಮ್ಮನ ಬಾಗಿಲ ಹಿಂದಿನಿಂದ ಬಂದ ಯಾವ 'ಧಬ್' ಆದರೂ ಅವರ ಕಿವಿಗೆ ರೊಟ್ಟಿಯೇ. "ಗಂಡನಿಗೆ ದಿನಾ ಬಿಸಿ ರೊಟ್ಟಿ! ಹೆಂಡ್ತಿ ಅಂದ್ರೆ ಇವ್ಳು ಕಣ್ರೀ," ಎಂದು ಮನೆಯೊಡತಿ ಆದಿಲಕ್ಷ್ಮಿ ಅವಳನ್ನು ಮೆರೆಸುತ್ತಿದ್ದಳು.

ಮೋಸ ಹೋಗದವಳು ಒಬ್ಬಳೇ, ಪಕ್ಕದ ಬೀದಿಯಲ್ಲಿದ್ದ, ಜಟ್ಟೆಮ್ಮನಂತೆ ರೊಟ್ಟಿ ಸೀಮೆಯವಳೇ ಆದ ಸುರಪುರ ಕಡೆಯ ಶಾಂಭವಿ. "ರೊಟ್ಟಿಗಿ ತಾಳ ಇರ್ತದವ್ವ. ನಿನ್ನೆ ಬಂದ ಸದ್ದಿಗಿ ತಾಳ ಇರಲಿಲ್ಲ," ಎಂದಳು. ಜಟ್ಟೆಮ್ಮ ಸೆರಗು ಸರಿಸಿ ಬೆನ್ನು ತೋರಿಸಿದಳು. ಶಾಂಭವಿ ಬುದ್ಧಿ ಹೇಳಲಿಲ್ಲ, ಅಯ್ಯೋ ಅನ್ನಲಿಲ್ಲ. ಕೂತು ಹಿಟ್ಟು ನಾದಿಕೊಟ್ಟಳು. ಹಾಗೆಂದೇ ಜಟ್ಟೆಮ್ಮ ಅವಳಿಗೆ ಉಳಿದದ್ದನ್ನೂ ಹೇಳಿದಳು.

"ಮತ್ಯಾರಿಗೂ ಬ್ಯಾಡ. ಮಗಳ ಹತ್ತನೇ ಕ್ಲಾಸ್ ಪರೀಕ್ಷಾ ಆಗೋತನಕ ಈ ರೂಮ್ ಉಳೀಬೇಕು. ರೂಮ್ ಹೋದ್ರ ಊರಿಗಿ ಹೋಗ್ಬೇಕು. ಊರಾಗ ಅಕಿಗಿ ಗಂಡು ನೋಡಿಟ್ಟಾರ."

ಆದರೆ ಒಂದು ಭಾನುವಾರ ಆದಿಲಕ್ಷ್ಮಿಯ ಮನೆಗೆ ನೆಂಟರು ಬಂದರು. ತನ್ನ ವಠಾರದ ರೊಟ್ಟಿಯ ಕೀರ್ತಿ ಅವರಿಗೂ ಮುಟ್ಟಲೆಂದು, ಸದ್ದು ಕೇಳಿದ್ದೇ ತಟ್ಟೆ ಹಿಡಿದು ಬಂದು ಬಾಗಿಲು ತಳ್ಳಿದಳು. ಒಲೆ ತಣ್ಣಗಿತ್ತು. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ಜಟ್ಟೆಮ್ಮ ಗೋಡೆಗೆ ಆತುಕೊಂಡಿದ್ದಳು, ಗಂಡ ಅಂಬಣ್ಣನ ಕೈ ಇನ್ನೂ ಮೇಲೆಯೇ ಇತ್ತು. ಒಡತಿಯನ್ನು ಕಂಡದ್ದೇ ಅವನು ಚಪ್ಪಲಿ ಮೆಟ್ಟಿ ಜಾರಿದ.

ಆಹಾ, ಆಮೇಲಿನ ಆದಿಲಕ್ಷ್ಮಿಯನ್ನು ನೋಡಬೇಕಿತ್ತು! ಮಹಿಷನನ್ನು ಮುಗಿಸಿ ಬಂದ ದೇವಿಯಂತೆ ಹೊಸ್ತಿಲಲ್ಲಿ ನಿಂತು, ವಠಾರವನ್ನೆಲ್ಲ ಕೂಗಿ ಸೇರಿಸಿ, ಎದೆ ಬಡಿದುಕೊಂಡಳು.

"ನಾನೇನು ಸತ್ತೋಗಿದ್ನಾ? ನಿನ್ ತಾಯಿ ಥರ ಇದೀನಿ ಕಣೇ! ಒಂದ್ ಮಾತು, ಒಂದೇ ಒಂದ್ ಮಾತು ನಂಗ್ಯಾಕೆ ಹೇಳ್ಲಿಲ್ಲ?"

ಎಲ್ಲರೂ ಜಟ್ಟೆಮ್ಮನ ಕಡೆ ತಿರುಗಿದರು. ಅವಳು ತುಟಿಯ ರಕ್ತ ಒರೆಸಿಕೊಂಡಳು.

"ನಮಗಿಂತ ಮೊದ್ಲ ಈ ರೂಮಿನಾಗಿದ್ದ ಲಕ್ಷ್ಮಿದೇವಿ, ಗಂಡ ಬಡೀತಾನಂತ, ನಿಮಗ ಹೇಳಿದ್ಳಲ್ರಿ ಅಕ್ಕೋರೆ. ಗಲಾಟಿ ಸಂಸಾರ ಅಂತ ಖಾಲಿ ಮಾಡ್ಸಿದ್ರಿ. ಅದಕ್ಕೇ ನಮಗ ರೂಮ್ ಸಿಕ್ಕಿದ್ದು."