ಮನೆ ಲೆಕ್ಕ, ಮೈ ಲೆಕ್ಕ

ನಮ್ಮ ಹಾಸ್ಟೆಲ್ ವಾರ್ಡನ್ನರ ಎಡಗೈ ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ ಇತ್ತು. ಬಿಸಿನೀರಿನ ರಬ್ಬರ್ ಚೀಲ ತುಂಬಿಸುವಾಗ ಆದದ್ದು. ದಿಂಡಿಗಲ್‌ನಲ್ಲಿ ಓದುತ್ತಿದ್ದ ನಮ್ಮಲ್ಲಿ ಯಾರಾದರೂ ಹೊಟ್ಟೆ ಹಿಡಿದು ಮಲಗಿದರೆ, ಆ ಚೀಲ ತಂದಿಟ್ಟು "ಊಟ ಮಾಡಿದ್ಯಾ?" ಎಂದು ಗದರುತ್ತಿದ್ದರು. ನೀರು ಪೋಲು ಮಾಡಿದವರಿಗೂ ಅದೇ ದನಿ.

ಅವರದು ಗೂಡಲೂರು, ನಮ್ಮದು ಕಂಬಂ ಪಕ್ಕದ ಹಳ್ಳಿ. ಇಬ್ಬರ ಮನೆಯಲ್ಲೂ ಕನ್ನಡ. ಎಲ್ಲರೊಂದಿಗೆ ತಮಿಳು ಆಡುತ್ತಿದ್ದವರು ನನ್ನ ಹತ್ತಿರ ಮಾತ್ರ ಮನೆಮಾತು ಆಡುತ್ತಿದ್ದರು. ನನ್ನ ಕನ್ನಡ ಕೇಳಿ ನಗು ಬೇರೆ: "ಅರ್ಧ ಮಾತು ನುಂಗ್ತೀಯಲ್ಲೇ, ಕಣ್ಣು!" ಮುದ್ದಿನ ಆ 'ಕಣ್ಣು' ಮಾತ್ರ ತಮಿಳಿನದು.

ಎರಡನೇ ವರ್ಷ ನಾನು ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ದೆ. ಅವರೇ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದರು. ಮುಟ್ಟು ಎಷ್ಟು ದಿನ ಎಂದು ಡಾಕ್ಟರಮ್ಮ ಕೇಳಿದರು. "ಮೂರು" ಎಂದೆ. ಸುಳ್ಳು ಎಂದು ಅನ್ನಿಸಲೇ ಇಲ್ಲ. ನಮ್ಮ ಮನೆಯಲ್ಲಿ ಮೂರು ದಿನ ಹೊರಗಿನ ಚಾಪೆ. ಮಾರನೇ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದರೆ ಮುಗಿಯಿತು. ಆಮೇಲೂ ರಕ್ತ ಹೋಗುತ್ತಿದ್ದರೆ ಅದನ್ನು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ವಾರ್ಡನ್ ನನ್ನ ಮೊಣಕೈ ಹಿಡಿದು ಕನ್ನಡದಲ್ಲಿ ಅಂದರು: "ಅದು ಮನೆ ಲೆಕ್ಕ. ಮೈ ಲೆಕ್ಕ ಹೇಳು. ದಿನಾ ಬೆಳಗಾದ್ರೆ ಬೆಡ್‌ಶೀಟ್ ಒಗೀತೀಯ, ನಾನೇನು ಕುರುಡಿಯಾ?"

ಬೆರಳು ಮಡಚಿ ಎಣಿಸಿದೆ. ಹತ್ತು. ಒಮ್ಮೊಮ್ಮೆ ಹನ್ನೊಂದು. ಸ್ಕ್ಯಾನ್ ಮಾಡಿದರೆ ಗರ್ಭಕೋಶದಲ್ಲಿ ಗಡ್ಡೆ. ಈಗಲೇ ತೆಗೆದರೆ ಗರ್ಭಕೋಶ ಉಳಿಯುತ್ತದೆ, ಬೆಳೆಯಲು ಬಿಟ್ಟರೆ ಹೇಳಲಾಗದು ಎಂದರು ಡಾಕ್ಟರಮ್ಮ.

ಊರಿಂದ ಅವ್ವ ಹಾಸ್ಟೆಲಿಗೆ ಬಂದಳು. ಗಡ್ಡೆಗಿಂತ ಊರಿಗೆ ಗೊತ್ತಾದೀತೆಂಬ ಭಯವೇ ಅವಳಿಗೆ ಹೆಚ್ಚು. "ಮದ್ವೆ ಆದ್ರೆ ಎಲ್ಲಾ ಸರಿ ಹೋಗ್ತದೆ, ಆಪರೇಷನ್ ಗೀಪರೇಷನ್ ಬೇಡ" ಎಂದು ನನ್ನ ಬಟ್ಟೆಗಳನ್ನು ಬ್ಯಾಗಿಗೆ ತುಂಬತೊಡಗಿದಳು. ವಾರ್ಡನ್ ಗದರಲಿಲ್ಲ. ನಾನು ಕಂಡಂತೆ ಅದೊಂದೇ ಸಲ.

"ಅಕ್ಕಾ, ನಾನೂ ಮೂರು ದಿನಾಂತ್ಲೇ ಹೇಳ್ತಿದ್ದೆ" ಎಂದರು. "ಮದ್ವೆ ಆಗಿ ಎರಡೇ ವರ್ಷಕ್ಕೆ ಗರ್ಭಕೋಶಾನೇ ತೆಗೆದ್ರು."

ಅವ್ವನ ಕೈ ನಿಂತಿತು. ಯಾರೂ ಕೇಳದಿದ್ದರೂ, "ನಂಗೆ ಎಂಟು ದಿನ" ಎಂದಳು. ತುಂಬಿದ ಬಟ್ಟೆಗಳನ್ನು ಒಂದೊಂದಾಗಿ ಹೊರತೆಗೆದು ಕಪಾಟಿನಲ್ಲಿಟ್ಟಳು.

ಗಡ್ಡೆಯನ್ನಷ್ಟೇ ತೆಗೆದರು. ಆಸ್ಪತ್ರೆಯಲ್ಲಿದ್ದಷ್ಟು ದಿನ ಅವ್ವ ಒಂದು ಕಡೆ, ವಾರ್ಡನ್ ಇನ್ನೊಂದು ಕಡೆ. ಗಂಜಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಇಬ್ಬರಿಗೂ ಜಗಳ.

ಹೋದ ವರ್ಷ ವಾರ್ಡನ್ ತೀರಿಕೊಂಡರು. ಹದಿನಾರನೇ ದಿನದ ಕಾರ್ಯಕ್ಕೆ ಗೂಡಲೂರಿನ ಅವರ ಮನೆಗೆ ಹೋದೆ. ಬಾಗಿಲಲ್ಲಿದ್ದ ಹಿರಿಯ ಹೆಂಗಸೊಬ್ಬರು, ನೀನು ಅವಳಿಗೆ ಏನಾಗಬೇಕು ಎಂದು ಕೇಳಿದರು.

"ಮಗಳು" ಎಂದೆ.

"ಅವಳಿಗೆಲ್ಲಿ ಮಕ್ಕಳು, ತಾಯಿ?"

ಸೊಂಟದ ಮೇಲಿದ್ದ ನನ್ನ ಕೂಸನ್ನು ಅವರ ಕಡೆ ತಿರುಗಿಸಿ ಹೇಳಿದೆ: "ಇವಳು ಮೊಮ್ಮಗಳು."