ಗಾದಿಯಲ್ಲೊಂದು ಕುಣಿ

ಬಿಳಿ ಹೊದಿಕೆಯ ಕೆಳಗೆ, ಹಿಂಗೋಡೆಗೆ ಹತ್ತಿರ, ಗಾದಿಯ ಹತ್ತಿ ಒಂದು ಕಡೆ ಕುಸಿದಿತ್ತು. ಊಟದ ತಟ್ಟೆಯಷ್ಟು ಅಗಲದ ತಗ್ಗು; ಎಡಗಡೆಗಿಂತ ಬಲಗಡೆ ತುಸು ಆಳ. ಸೀರೆ ತೋರಿಸುವವರು ಅತ್ತಿತ್ತ ಓಡಾಡುವಾಗ ಅದನ್ನು ಸುತ್ತುಹಾಕಿ ಹೋಗುತ್ತಿದ್ದರು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ. ಅಂಗಡಿಯ ಅಳತೆ ತೆಗೆಯುವಾಗ ಅಗತ್ಯವಿಲ್ಲದಿದ್ದರೂ ನಾನು ಅದನ್ನೂ ನಕ್ಷೆಯಲ್ಲಿ ಗುರುತು ಮಾಡಿಕೊಂಡೆ.

ವರ್ಷಗಟ್ಟಲೆ ಅಲ್ಲೇ ಕೂತು ಆ ತಗ್ಗು ಮಾಡಿದವರು ಈಗ ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು.

"ಅಷ್ಟೊತ್ತಿನಿಂದ ಏನ್ ಅಳ್ಯಾಕತ್ತಿ ಯವ್ವಾ? ಈ ಅಂಗಡಿ ಬೆಳ್ಯೂದೂ ಇಲ್ಲ, ಕುಗ್ಗೂದೂ ಇಲ್ಲ."

"ಗ್ವಾಡಿ ಸೊಟ್ಟ ಅದ್ರಿ ಕಾಕಾ."

"ಗ್ವಾಡಿ ಅಷ್ಟ ಏನು, ಮಾಲಕನೂ ಸೊಟ್ಟ ಆಗ್ಯಾನ. ಅದನ್ನೂ ಬರಕೋ."

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಪುಣೆಯ ಹಳೆಯ ಪೇಟೆಯ ಒಂದು ಓಣಿಯಲ್ಲಿ ಅವರ ಅಂಗಡಿ. ಇಳಕಲ್ ಸೀರೆ, ಖಣ, ಮದುವೆಯ ಜವಳಿ. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಮರಾಠಿ ಹೆಂಗಸರು. ಪುಣೆ ಜಿಲ್ಲೆಯ ಶಿರೂರಿನ ಕಡೆಯಿಂದ ಮದುವೆಗೆ ಮುಂಚೆ ಇಡೀ ಕುಟುಂಬ ಬಸ್ಸಿಳಿದು ಬರುತ್ತಿತ್ತು. ಕಾಕಾ ನಮ್ಮ ಸಂಬಂಧಿಕರಲ್ಲ, ಅಪ್ಪನ ಪರಿಚಯದವರು. ಎರಡೂ ಮನೆಯವರು ವಿಜಾಪುರ, ಬಾಗಲಕೋಟೆಯ ಕಡೆಯವರು. ನಮ್ಮದು ಕಾರಕೂನರ ಮನೆತನ, ಅವರದು ವ್ಯಾಪಾರ. ಊರಾಚೆ ನಿಗಡಿಯಲ್ಲಿದ್ದ ನಮ್ಮ ಮನೆಗೆ ವರ್ಷಕ್ಕೊಂದು ಸಲ ಬಂದು ಚಹಾ ಕುಡಿದು ಹೋಗುವಷ್ಟು ಪರಿಚಯ.

ನಾನು ಆಗ ಕಾಲೇಜು ಮುಗಿಸಿ ಶಿವಾಜಿನಗರದ ಒಂದು ಕಚೇರಿಯಲ್ಲಿ ಒಳಾಂಗಣ ವಿನ್ಯಾಸದ ಕೆಲಸ ಮಾಡುತ್ತಿದ್ದೆ. ನಮ್ಮಲ್ಲಿಗೆ ಬರುತ್ತಿದ್ದುದು ಆಸ್ಪತ್ರೆ, ಬ್ಯಾಂಕಿನ ಶಾಖೆ, ಸಮಾಜದ ಸಭಾಭವನ ಇಂಥ ಕೆಲಸಗಳು. ನನ್ನ ಪಾಲಿಗೆ ಹೆಚ್ಚಾಗಿ ಬರುತ್ತಿದ್ದುದು ಆಸ್ಪತ್ರೆಗಳ ಕಾಯುವ ಕೋಣೆ. ಕುರ್ಚಿ ಎಷ್ಟು ಎತ್ತರವಿರಬೇಕು, ಎದ್ದು ನಿಲ್ಲುವವರು ಕೈ ಎಲ್ಲಿ ಊರುತ್ತಾರೆ, ಗಾಲಿಕುರ್ಚಿ ತಿರುಗಲು ಎಷ್ಟು ಜಾಗ ಬೇಕು ಎಂಬುದನ್ನು ದಿನವಿಡೀ ಟ್ರೇಸಿಂಗ್ ಕಾಗದದ ಮೇಲೆ ಬರೆಯುತ್ತಿದ್ದೆ. ನನಗೆ ಅದು ಬೇಸರದ ಕೆಲಸವೆನಿಸುತ್ತಿರಲಿಲ್ಲ. ಮಾತು ಕಡಿಮೆ, ಅಳತೆ ಜಾಸ್ತಿ. ಸೀರೆ ಅಂಗಡಿಯ ಕೆಲಸ ಬಂದಾಗ ಕಚೇರಿಯ ಹಿರಿಯರು, "ನಿಮ್ಮವರೇ ಅಲ್ಲವಾ, ನೀನೇ ನೋಡಿಕೋ" ಎಂದು ಪೂರ್ತಿ ನನಗೇ ಬಿಟ್ಟರು. ಆವರೆಗೆ ಯಾವ ಕೆಲಸವೂ ಹಾಗೆ ನನ್ನದಾಗಿರಲಿಲ್ಲ.

ಹಿಂದಿನ ಮಳೆಗಾಲದಲ್ಲಿ ಕಾಕಾ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಿದ್ದರು. ಆಪರೇಷನ್ ಆಗಿ ಕೋಲು ಹಿಡಿದು ನಡೆಯುವಂತಾಗಿತ್ತು. ಆದರೆ ಚಕ್ಕಳಮಕ್ಕಳ ಹಾಕಬಾರದು, ನೆಲದ ಮೇಲೆ ಕೂರಬಾರದು, ಮೊಣಕಾಲಿಗಿಂತ ತಗ್ಗಿನ ಯಾವ ಆಸನವೂ ಕೂಡದು ಎಂದು ಡಾಕ್ಟರು ಹೇಳಿದ್ದರು. ಅವರ ಅಂಗಡಿಯಲ್ಲಿ ವ್ಯಾಪಾರಕ್ಕೆ ಕೂರುವ ಜಾಗ ಗಾದಿಯೊಂದೇ.

ಗಾದಿಯ ಅಂಗಡಿಯನ್ನು ಈಗಿನವರಿಗೆ ವಿವರಿಸಬೇಕಾಗಬಹುದು. ಗೋಡೆಯಿಂದ ಗೋಡೆಗೆ ಹತ್ತಿಯ ಹಾಸಿಗೆ, ಅದರ ಮೇಲೆ ಬಿಗಿಯಾಗಿ ಎಳೆದ ಬಿಳಿ ಬಟ್ಟೆ, ಗೋಡೆಗೆ ಆನಿಸಿದ ಲೋಡು. ಗಿರಾಕಿ ಚಪ್ಪಲಿ ಬಿಟ್ಟು ಬಂದು ಕೂರುತ್ತಾಳೆ, ಎದುರಿಗೆ ವ್ಯಾಪಾರಿ ಕೂರುತ್ತಾನೆ, ನಡುವೆ ಸೀರೆ ಬಿಚ್ಚಿಕೊಳ್ಳುತ್ತದೆ. ಕಾಕಾ ಸೀರೆ ಬಿಚ್ಚುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ. ಮಡಿಕೆಯನ್ನು ಅಂಗೈ ಮೇಲಿಟ್ಟು ಮಣಿಕಟ್ಟನ್ನು ಒಮ್ಮೆ ತಿರುಗಿಸಿದರೆ ಅದು ತಾನಾಗಿ ಉರುಳಿ, ಕೆಂಪು ಸೆರಗು ನೇರವಾಗಿ ಗಿರಾಕಿಯ ಮೊಣಕಾಲ ಹತ್ತಿರ ಹೋಗಿ ತೆರೆಯುತ್ತಿತ್ತು. ಹೆಂಗಸರ ಕೈ ತಾನಾಗಿ ಅದರ ಮೇಲೆ ಹೋಗುತ್ತಿತ್ತು. ಕುರ್ಚಿಯ ಮೇಲಿಂದ ಅದು ಸಾಧ್ಯವಿರಲಿಲ್ಲ. ಕುರ್ಚಿಯ ಮೇಲಿಂದ ಅವರು ಮಾಡಬಹುದಾಗಿದ್ದದ್ದು "ಯಾ, ಯಾ, ಬಸಾ" ಎಂದು ಮರಾಠಿಯಲ್ಲಿ ಸ್ವಾಗತಿಸುವುದು, ಚಪ್ಪಲಿ ಕಾಯುವುದು.

ಕಾಕಾನ ಮಗ ಅಲ್ಲೇ ನಮ್ಮ ಮಾತು ಕೇಳುತ್ತ ನಿಂತಿದ್ದ. ನನಗಿಂತ ಕೆಲವು ವರ್ಷ ದೊಡ್ಡವನು. ನಾನು ಅಣ್ಣ ಅನ್ನುತ್ತಿದ್ದೆ, ಅವನು ನನ್ನನ್ನು ಬೇಕಂತಲೇ ಮೇಡಂ ಅನ್ನುತ್ತಿದ್ದ.

"ಮೇಡಂ, ಗಾದಿ ತೆಗೆದಬಿಡ್ರಿ. ಗಾಜಿನ ಕೌಂಟರ್ ಹಾಕೂಣು, ಒಳಗ ಲೈಟ್ ಬಿಡೂಣು. ಈಗಿನ ಹುಡಿಗೇರು ಚಪ್ಪಲಿ ಬಿಚ್ಚಾಕ ಬ್ಯಾಸರಾ ಮಾಡ್ಕೋತಾರ."

"ಹುಡಿಗೇರು ಚಪ್ಪಲಿ ಬಿಚ್ಚೂದಿಲ್ಲ ಅಂತ ನೀ ಅಂಗಡೀನ ಬಿಚ್ಚಾಕ ಹೊಂಟಿ," ಎಂದರು ಕಾಕಾ. ಆಮೇಲೆ ನನ್ನ ಕಡೆ ತಿರುಗಿದರು. "ನೀ ದವಾಖಾನಿ ಕುರ್ಚಿ ಮಾಡ್ತೀಯಂತ ನಿಮ್ಮಪ್ಪ ಹೇಳ್ಯಾನ. ನಾ ಗಾದಿ ಮ್ಯಾಲ ಕೂಡೂಹಂಗ ಮಾಡಿಕೊಡು. ಆಗೂದಿಲ್ಲಂದ್ರ ಈಗ ಹೇಳಿಬಿಡು, ಸಿಟ್ಟಾಗೂದಿಲ್ಲ. ದಸರಾದಾಗ ಪೂಜಾ ಮಾಡಿ, ಕೀಲಿಕೈ ಇವನ ಕೈಯಾಗ ಇಟ್ಟು, ಮನ್ಯಾಗ ಕೂಡ್ತೀನಿ. ಬಾಗಲದಾಗ ವಾಚಮನ್ ಆಗಿ ಕೂಡೂದು ನನ್ನ ಕಡಿಂದ ಆಗೂದಿಲ್ಲ."

ಮಗ ನಗಲಿಲ್ಲ. ಕಾಕಾ ಅಂಥ ಮಾತನ್ನು ಬೆದರಿಸಲು ಆಡುವವರಲ್ಲ ಎಂದು ಅವನಿಗೂ ಗೊತ್ತಿತ್ತು.

ನಾನು, "ನೋಡ್ತೀನ್ರಿ ಕಾಕಾ" ಎಂದೆ.

ಸಂಜೆ ಮನೆಗೆಂದು ಲೋಕಲ್ ರೈಲಿನಲ್ಲಿ ಆಕುರ್ಡಿವರೆಗೆ ನಿಂತುಕೊಂಡು ಬರುವಾಗ ಪರಿಹಾರ ಹೊಳೆಯಿತು. ಮನುಷ್ಯ ತಗ್ಗಿಗೆ ಇಳಿಯಲಾರ ಅಂದರೆ ಗಾದಿಯನ್ನೇ ಎತ್ತಬೇಕು. ಆಸ್ಪತ್ರೆಯ ಕುರ್ಚಿಯಷ್ಟು ಎತ್ತರಕ್ಕೆ ಮರದ ಕಟ್ಟೆ ಕಟ್ಟಿ ಅದರ ಮೇಲೆ ಗಾದಿ ಹಾಸುವುದು. ಗಿರಾಕಿಗಳು ಏರಲು ಒಂದು ಮೆಟ್ಟಿಲು, ವಯಸ್ಸಾದವರಿಗೆ ಒಂದು ಕೈಹಿಡಿ. ಹಿಂಗೋಡೆಯ ಬಳಿ, ಕಾಕಾನ ಜಾಗದಲ್ಲಿ, ಗೋಡೆಯ ಪಕ್ಕ ಬಿಟ್ಟ ದಾರಿಯಿಂದ ನಡೆದು ಬರುವಂತೆ ಕಟ್ಟೆಯಲ್ಲಿ ಒಂದು ಚೌಕದಷ್ಟು ಜಾಗ ಖಾಲಿ ಬಿಡುವುದು. ಅವರು ಅಂಗಡಿಯ ನೆಲದ ಮೇಲೇ ನಡೆದು ಬಂದು, ತಿರುಗಿ, ಹಿಂದಿನ ಅಂಚಿನ ಮೇಲೆ ಕೂತು ಕಾಲು ಇಳಿಬಿಡುತ್ತಾರೆ. ಮುಂದೆ ಅವರ ಲೆಕ್ಕದ ಪುಟ್ಟ ಹಳೆಯ ಡೆಸ್ಕು. ಎದುರಿಗೆ ಮತ್ತು ಬಲಕ್ಕೆ, ಕೂತ ಮಟ್ಟದಲ್ಲೇ, ಗಾದಿ. ದಾರಿಯ ಕಡೆಯ ಬಾಯಿಗೆ ಒಂದು ಮುಚ್ಚಳ ಇಟ್ಟರೆ ಅವರ ಕಾಲು ಯಾರಿಗೂ ಕಾಣುವುದಿಲ್ಲ. ಎದುರಿನಿಂದ ನೋಡಿದವರಿಗೆ ಕಾಕಾ ಮೊದಲಿನಂತೆ ಚಕ್ಕಳಮಕ್ಕಳ ಹಾಕಿ ಕೂತಂತೆಯೇ ತೋರುತ್ತದೆ. ಈ ಮುಚ್ಚಳದ ವಿಚಾರ ನನಗೆ ಬಹಳ ಹಿಡಿಸಿತ್ತು. ಅವರು ಹೇಗೆ ಕೂತಿದ್ದಾರೆ ಎಂಬುದು ಅವರಿಗೆ ಬಿಟ್ಟು ಬೇರೆಯವರಿಗೆ ತಿಳಿಯಬೇಕಾದದ್ದಲ್ಲ ಎಂದುಕೊಂಡಿದ್ದೆ.

ಮಗನಿಗೆ ಅಂಗಡಿಯ ಮುಂಭಾಗದಲ್ಲಿ ಒಂದು ಗಾಜಿನ ಕೌಂಟರ್ ಕೊಟ್ಟೆ. ಅವನು ಒಪ್ಪಿದ. ಕಾಕಾ ನಕ್ಷೆಯನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ, "ಸಾಲಿ ಕಲ್ತಾಕಿ ನೀ, ನಿನಗ ತಿಳೀತದ" ಎಂದು ವಾಪಸು ಕೊಟ್ಟರು. ನಕ್ಷೆ ಓದಲು ಬರುವುದಿಲ್ಲ ಎಂದು ಹೇಳಲು ಅವರಿಗೆ ಸಂಕೋಚ, ಕೇಳಲು ನನಗೆ.

ಬಡಗಿ ರಾಜಸ್ಥಾನದವನು, ಚುರುಕಿನವನು. ಕಟ್ಟೆಯ ಚೌಕಟ್ಟು ನಿಲ್ಲಿಸಿ ಪ್ಲೈವುಡ್ ಹೊದಿಸಿದ. ಕಾಕಾನ ಜಾಗದ ಚೌಕ ಈಗ ಮೇಲಿನಿಂದ ನೋಡಿದರೆ ಕತ್ತಲೆಯಾಗಿ ಕಾಣುತ್ತಿತ್ತು. ಆವತ್ತು ಮಧ್ಯಾಹ್ನ ಕಾಕಾ ಕೋಲೂರಿಕೊಂಡು ಬಂದರು. ಮೆಟ್ಟಿಲ ಬಳಿ ನಿಂತು ಬಹಳ ಹೊತ್ತು ಆ ಚೌಕವನ್ನೇ ನೋಡಿದರು.

"ಇದೇನವ್ವಾ?"

"ಕಾಲು ಇಳಿಬಿಡೂದಕ್ಕರಿ. ಇಲ್ಲಿ ಕೂತ್ರ ಸೊಂಟಕ್ಕ ತ್ರಾಸ ಆಗೂದಿಲ್ಲ."

"ಇದು ಕುಣಿ," ಎಂದರು.

ನನಗೆ ಅರ್ಥವಾಗಲಿಲ್ಲ. ಮಗ, "ಕುಣಿ ಅಲ್ರಿ ಅಪ್ಪಾ, ಡಿಸೈನ್, ಡಿಸೈನ್" ಎಂದು ನಕ್ಕ.

ಅವರು ದನಿ ಏರಿಸಲಿಲ್ಲ. "ನಮ್ಮಪ್ಪ ಇಳಕಲ್ಲದಾಗ ಕುಣಿ ಮಗ್ಗದಾಗ ಕೂತು ಸೀರಿ ನೇಯ್ತಿದ್ದ. ನೆಲಾ ತೋಡಿದ ಕುಣಿ. ಅದರಾಗ ಕಾಲು ಬಿಟಗೊಂಡು, ಮಗ್ಗದ ಹಲಗಿ ತುಳಕೋತ, ಮುಂಜಾನಿಂದ ಸಂಜೀತನಕ. ಮಳಿಗಾಲದಾಗ ಕುಣ್ಯಾಗ ನೀರು ಒಸರತಿತ್ತು, ಮೊಣಕಾಲು ಬಾತು ಇಷ್ಟಿಷ್ಟು ಆಗ್ತಿದ್ದುವು. ಸಾಯೂಮುಂದ ನನ್ನ ಕೈ ಹಿಡದು ಹೇಳಿದ, ಕುಣಿ ಬಿಟ್ಟು ಎದ್ದು ಹೋಗೋ ಅಂತ. ಇಲ್ಲಿ ಬಂದೆ, ಗಾದಿ ಹಾಸಿದೆ. ನೀ ಅದಽ ಗಾದ್ಯಾಗ ಕುಣಿ ತೋಡಿ, ಕೂಡು ಅಂತೀದಿ."

ಬಡಗಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅವನು ಮರಕ್ಕೆ ರಂದ ಹೊಡೆಯುವುದನ್ನು ನಿಲ್ಲಿಸಿದ.

ಇಳಕಲ್ ಸೀರೆಗಳು ನಮ್ಮ ಮನೆಯಲ್ಲಿ ಕಪಾಟಿನಲ್ಲಿರುತ್ತಿದ್ದವು, ಡಾಂಬರು ಗುಳಿಗೆಯ ವಾಸನೆಯೊಂದಿಗೆ. ಅವನ್ನು ನೇಯುವವರು ಹೇಗೆ ಕೂರುತ್ತಾರೆ ಎಂದು ನಾನು ನೋಡಿರಲೂ ಇಲ್ಲ, ಕೇಳಿರಲೂ ಇಲ್ಲ.

"ಬ್ಯಾಡಂದ್ರ ತೆಗಿಸ್ತೀನ್ರಿ," ಎಂದೆ.

ಕಾಕಾ ರಿಕ್ಷಾ ಹತ್ತಿ ಮನೆಗೆ ಹೋದರು. ಮಗ ಅಲ್ಲೇ ನಿಂತು ತಲೆ ಕೆರೆದುಕೊಂಡ. "ನನಗ ಇದೆಲ್ಲಾ ಎಂದೂ ಹೇಳಿಲ್ಲ ಅವರು. ಅಜ್ಜ ವ್ಯಾಪಾರಸ್ಥ ಅಂತ ತಿಳಕೊಂಡಿದ್ದೆ." ಈ ಸಲ ಮೇಡಂ ಅನ್ನಲಿಲ್ಲ.

ನಾನು ಇನ್ನೊಂದು ನಕ್ಷೆ ಮಾಡಿದೆ. ಕಟ್ಟೆಯೂ ಇಲ್ಲ, ಗಾದಿಯೂ ಇಲ್ಲ. ಉದ್ದಕ್ಕೂ ಕೌಂಟರ್, ಹಿಂದೆ ಕಾಕಾನಿಗೆ ಬೆನ್ನಿರುವ ಎತ್ತರದ ಕುರ್ಚಿ, ಎದುರಿಗೆ ಗಿರಾಕಿಗಳಿಗೆ ಸ್ಟೂಲು. ಭಾನುವಾರ ಅದನ್ನು ತೆಗೆದುಕೊಂಡು ಅವರ ಮನೆಗೆ ಹೋದೆ. ಕಾಕೂ ಒಗ್ಗರಣೆ ಹಾಕಿದ ಚುರಮುರಿ ಕೊಟ್ಟರು. "ತಿನ್ನು, ಇವರು ಸಿಟ್ಟಿನ್ಯಾಗ ಇದ್ರ ಮನಿ ಮಂದಿ ಎಲ್ಲಾ ಉಪಾಸ ಇರಬೇಕೇನು?" ಎಂದು ಗಂಡನಿಗೆ ಕೇಳಿಸುವಂತೆ ಹೇಳಿದರು.

ಈ ಸಲ ನಾನು ನಕ್ಷೆಯನ್ನು ಕಾಕಾನ ಕೈಗೆ ಕೊಡಲಿಲ್ಲ. ಊಟದ ಟೇಬಲ್ಲಿನ ಹಿಂದೆ ಅವರನ್ನು ಕುರ್ಚಿಯ ಮೇಲೆ ಕೂರಿಸಿ, ಟೇಬಲ್ಲಿನ ಮೇಲೆ ಕೌಂಟರಿನ ಅಗಲವನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. "ಇಷ್ಟು ಅಗಲ ಬರ್ತದ್ರಿ."

ಅವರು ಹೆಂಡತಿಯ ಒಂದು ಸೀರೆ ತರಿಸಿ ಬಿಚ್ಚಿದರು. ಅದು ಗೆರೆ ದಾಟಿ, ಟೇಬಲ್ ದಾಟಿ, ಸೆರಗು ಆಚೆ ನೆಲಕ್ಕೆ ಜೋತುಬಿತ್ತು.

"ಅಲ್ಲಿ ಗಿರಾಕಿ ಚಪ್ಪಲಿ ಹಾಕ್ಕೊಂಡು ಕೂತಿರತಾಳ, ಹೌದಿಲ್ಲೋ?"

"ಹೌದ್ರಿ."

"ಸೆರಗು ಚಪ್ಪಲಿ ಮ್ಯಾಲ."

"ಹೌದ್ರಿ. ಇನ್ನೂ ಅಗಲ ಮಾಡಿದ್ರ ಗಿರಾಕಿ ಮುಖ ದೂರ ಆಗ್ತದ."

ಕಾಕಾ ಸೀರೆಯನ್ನು ಎಳೆದುಕೊಂಡು, ತಾವೇ ಮಡಚಿ, ಮಡಿಕೆಯ ಮೇಲೆ ಅಂಗೈ ಆಡಿಸಿದರು. ನಾನು ಚುರಮುರಿ ಮುಗಿಸಿದೆ. ಬಡಗಿಗೆ ಚೌಕಟ್ಟು ಬಿಚ್ಚಲು ಹೇಳಲೋ ಬೇಡವೋ ಎಂದು ನಾನು ಕೇಳಬೇಕಿತ್ತು. ದಸರಾ ಹತ್ತಿರ ಬಂದಿತ್ತು.

"ಕುಣಿ ಬಿಚ್ಚೀರೇನು?" ಎಂದು ಕೊನೆಗೆ ಅವರೇ ಕೇಳಿದರು.

"ಇನ್ನೂ ಇಲ್ರಿ."

"ನಡಿ."

ಮಗ ಅಂಗಡಿಯ ಬಾಗಿಲು ತೆರೆದ. ಭಾನುವಾರದ ಓಣಿ ಖಾಲಿಯಿತ್ತು. ಕಾಕಾ ಪಕ್ಕದ ದಾರಿಯಲ್ಲಿ ನಡೆದು ಹೋಗಿ, ಕೋಲನ್ನು ಕಟ್ಟೆಗೆ ಆನಿಸಿ, ಎರಡೂ ಕೈ ಊರಿ ನಿಧಾನವಾಗಿ ಕೂತರು. ಕೈ ಊರಲು ನಾನು ಬಿಟ್ಟಿದ್ದ ಜಾಗದಲ್ಲೇ ಕೈ ಊರಿದರು. ಮುಖದಲ್ಲಿ ನೋವು ಕಾಣಲಿಲ್ಲ. ಒಂದು ಕ್ಷಣ ಹಾಗೇ ಕೂತು ಕೆಳಗೆ ನೋಡಿಕೊಂಡರು. ಕೆಳಗಿನ ಕತ್ತಲೆಯಲ್ಲಿ ಅವರ ಪಾದ ಒಂದಾದ ಮೇಲೆ ಒಂದು ಅಲುಗಿತು, ಏನನ್ನೋ ಹುಡುಕುವಂತೆ.

"ಮೀಸಿ ಬರೂಮಟ ನಾನೂ ಮಗ್ಗ ತುಳದೀನಿ," ಎಂದರು, ಯಾರ ಕಡೆಗೂ ನೋಡದೆ. ಆಮೇಲೆ ಮಗನಿಗೆ, "ಏ, ಒಂದು ಸೀರಿ ಕೊಡು. ಭಾರೀದು ಕೊಡು." ನನಗೆ, "ನೀ ಅಲ್ಲಿ ಕೂಡು. ಗಿರಾಕಿ ಆಗು."

ನಾನು ಚಪ್ಪಲಿ ಬಿಟ್ಟು ಮೆಟ್ಟಿಲೇರಿ ಬರಿಯ ಪ್ಲೈವುಡ್ಡಿನ ಮೇಲೆ ಕೂತೆ. ಮೊದಲನೆಯ ಸಲ ಸೀರೆ ಅರ್ಧಕ್ಕೇ ನಿಂತಿತು.

"ಕೈ ಮರತಾವ್ರಿ ಅಪ್ಪಾ," ಎಂದ ಮಗ.

"ಗಿರಾಕಿ ಚೊಲೋ ಇಲ್ಲ. ಖರೀದಿ ಮಾಡೂ ಮಾರಿ ಅಲ್ಲ ಇದು," ಎಂದು ಕಾಕಾ ಮತ್ತೆ ಮಡಚಿದರು. ಎರಡನೆಯ ಸಲ ಸೆರಗು ಬಂದು ನನ್ನ ಮೊಣಕಾಲಿಗೆ ತಾಗಿ ತೆರೆದುಕೊಂಡಿತು. ಕೆಂಪಿನ ಮೇಲೆ ಬಿಳಿ ತೆನೆಯ ನೇಯ್ಗೆ. ನನ್ನ ಕೈ ಅದರ ಮೇಲೆ ಹೋಯಿತು. ಕಾಕಾ ಅದನ್ನು ನೋಡಿದರು.

"ಕಾಲಿಗೆ ಆಸರ ಸಾಲೂದಿಲ್ಲ. ಕೆಳಗ ಒಂದು ಹಲಗಿ ಬೇಕು. ಸಪಾಟ ಬ್ಯಾಡ, ಓರಿ ಇರಬೇಕು. ನೆಲದ ಫರಸಿ ಥಂಡಿ ಕಾಲಿಗೆ ಹತ್ತಬಾರದು."

"ಆಯ್ತ್ರಿ. ಪಕ್ಕಕ್ಕ ಮುಚ್ಚಳ ತಯಾರ ಆಗ್ಯದ್ರಿ ಕಾಕಾ. ಮೂಲ್ಯಾಗ ಅದ ನೋಡ್ರಿ. ಅದನ್ನ ಹಚ್ಚಿದ್ರ ಕಾಲು ಯಾರಿಗೂ ಕಾಣೂದಿಲ್ಲ."

ಅವರು ಮೂಲೆಯಲ್ಲಿ ಒರಗಿಸಿಟ್ಟಿದ್ದ ತೇಗದ ಮುಚ್ಚಳವನ್ನು ನೋಡಿದರು. ನಾನು ಅದರ ಅಂಚನ್ನು ಸುತ್ತಲೂ ದುಂಡು ಮಾಡಿಸಿದ್ದೆ.

"ಯಾರಿಗೆ ಕಾಣಬಾರದು ಅಂತಿ?" ಎಂದರು. "ನಮ್ಮಪ್ಪ ಕುಣ್ಯಾಗ ಕದ್ದು ಕೂತಿದ್ದಿಲ್ಲ. ಮುಚ್ಚಬ್ಯಾಡ."

ಮಗ ನನ್ನ ಮುಖ ನೋಡಿದ. ನಾನು ಸೀರೆ ಮಡಚಲು ಹೋದೆ. ನನ್ನ ಮಡಿಕೆ ಸರಿ ಬರಲಿಲ್ಲ. ಕಾಕಾ ಕೈ ಚಾಚಿ ಅದನ್ನು ತೆಗೆದುಕೊಂಡು, ಕೂತಲ್ಲೇ ಕೂತು, ಸರಿಯಾಗಿ ಮಡಚಿದರು.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಪೇಟೆಗೆ ಹೋದೆ. ಬಡಗಿಗೆ ಮುಚ್ಚಳ ಎತ್ತಿಕೊಡಲು ಹೇಳಿ, ಅದರ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಕೊಯ್ಯಿಸಿದೆ. ಅವನು ದುಂಡು ಅಂಚು ಹಾಳಾಗುತ್ತದೆ ಎಂದು ಹಿಂದಿಯಲ್ಲಿ ಗೊಣಗಿದ. ಒಂದು ದುಂಡು ಅಂಚು ಉಳಿಯಿತು. ಅದು ಕಾಲ್ಬೆರಳುಗಳ ಕಡೆಗೆ ಬರುವಂತೆ ಇಟ್ಟು, ಹಿಮ್ಮಡಿಯ ಕಡೆ ತಗ್ಗು ಮಾಡಿ, ಆ ಹಲಗೆಯನ್ನೇ ಕುಣಿಯ ತಳಕ್ಕೆ ಓರೆಯಾಗಿ ಹಚ್ಚಿಸಿದೆ. ಚಪ್ಪಲಿ ಬಿಟ್ಟು ನಾನೇ ಕೂತು ಪಾದ ಊರಿ ನೋಡಿದೆ. ಹಲಗೆ ಅಲುಗಲಿಲ್ಲ. ಆಮೇಲೆ ಶಿವಾಜಿನಗರಕ್ಕೆ ನಡೆದುಕೊಂಡು ಹೋದೆ.